ಹೊಸ ಸಂಪಾದಕರಿಗೆ ಗಮನಾರ್ಹತೆ, ಉಲ್ಲೇಖ ಇವನ್ನು ಹೇಗೆ ಹೇಳಿಕೊಡುತ್ತೀರಿ?

ಅಂಚುಪುಟ:
ವಿಕಿಪೀಡಿಯಕ್ಕೆ ಹೊಸದಾಗಿ ಬಂದವರಿಗೆ ಸಹಾಯ ಮಾಡುವ ಕೆಲಸ ಇತ್ತೀಚೆಗೆ ಜಾಸ್ತಿ ಮಾಡುತ್ತಿದ್ದೇನೆ. ಬರುವವರಲ್ಲಿ ಮುಕ್ಕಾಲು ಪಾಲು ಜನರದ್ದು ಒಂದೇ ದೂರು. “ನಾನು ಬರೆದದ್ದೆಲ್ಲ ನಿಜ, ಒಂದು ಸುಳ್ಳೂ ಇಲ್ಲ, ಆದರೂ ಲೇಖನ ಅಳಿಸಿದರು.” ಅವರು ಹೇಳುವುದು ಸರಿಯೇ. ಬರೆದದ್ದು ನಿಜವೇ ಇರುತ್ತದೆ. ಆದರೆ ಆ ವ್ಯಕ್ತಿಯ ಬಗ್ಗೆಯೋ ಸಂಸ್ಥೆಯ ಬಗ್ಗೆಯೋ ಬೇರೆ ಯಾರೂ ಏನೂ ಬರೆದಿರುವುದಿಲ್ಲ, ಅಥವಾ ಬರೆದಿದ್ದರೂ ಅದನ್ನು ಲೇಖನದಲ್ಲಿ ತೋರಿಸಿರುವುದಿಲ್ಲ. ಒಂದು ವಿಷಯಕ್ಕೆ ಪ್ರತ್ಯೇಕ ಲೇಖನ ಇರಬಹುದಾ ಅಂತ ನೋಡುವ ಈ ಅಳತೆಯನ್ನೇ ನಾವು ಗಮನಾರ್ಹತೆ ಅನ್ನುವುದು.

ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಏನು? ನಿಯಮದ ಪುಟದ ಕೊಂಡಿ ಅಂಟಿಸಿ ಮುಂದೆ ಹೋಗುತ್ತೇವೆ. ಆ ಪುಟ ಮಾರುದ್ದ ಇದೆ. ಅರ್ಧ ಓದುವಷ್ಟರಲ್ಲಿ ಅವರು ಸುಸ್ತಾಗಿ, ಈ ಸಹವಾಸವೇ ಬೇಡ ಅಂತ ಹೊರಟುಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುತ್ತಿದೆ. ನೀವೆಲ್ಲ ಮೊದಲು ಏನು ಹೇಳುತ್ತೀರಿ, ಯಾವುದನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತೀರಿ?

ಕಪಾಟು:
“ಈಗಲೇ ಬರೆಯಬೇಡಿ, ಮೊದಲು ಮೂರು ಆಕರ ತನ್ನಿ.” ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಹಾಳೆಗರಿ:
ಕಪಾಟು ಹೇಳಿದ್ದು ಒಪ್ಪುತ್ತೇನೆ. ಆದರೆ ಆಕರ ಅಂದ ತಕ್ಷಣ ಹೊಸಬರು ಆ ವ್ಯಕ್ತಿಯ ಸ್ವಂತ ವೆಬ್‌ಸೈಟ್, ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್ ತಂದು ಮುಂದಿಡುತ್ತಾರೆ. ಯಾವ ಥರದ್ದು ಬೇಕು ಅಂತ ನಾವೇ ಹೇಳಿರುವುದಿಲ್ಲವಲ್ಲ.

ನಾನು ಕೇಳುವುದು ಹೀಗೆ: ಇವರಿಗೆ ಸಂಬಂಧವೇ ಇಲ್ಲದ ಯಾರಾದರೂ, ಇವರಿಂದ ದುಡ್ಡು ತೆಗೆದುಕೊಳ್ಳದೆ, ಇವರ ಬಗ್ಗೆ ಕೂತು ನಾಲ್ಕು ಪ್ಯಾರಾ ಬರೆದಿದ್ದಾರಾ? ಅದನ್ನು ಪ್ರಕಟಿಸುವ ಮೊದಲು ಒಬ್ಬ ಸಂಪಾದಕರು ಓದಿ ನೋಡಿದ್ದಾರಾ? ಎರಡಕ್ಕೂ ಹೌದು ಅಂದರೆ ಅದು ಗಮನಾರ್ಹತೆಯ ಲೆಕ್ಕಕ್ಕೆ ಬರುತ್ತದೆ. ಕಾರ್ಯಕ್ರಮದಲ್ಲಿ ಹಾಜರಿದ್ದವರ ಪಟ್ಟಿಯಲ್ಲಿ ಹೆಸರು ಬಂದಿದ್ದರೆ ಬರುವುದಿಲ್ಲ. ಕಂಪನಿ ಕಳಿಸಿದ ಪತ್ರಿಕಾ ಹೇಳಿಕೆಯನ್ನು ಹತ್ತು ಪತ್ರಿಕೆ ಹಾಗೇ ಛಾಪಿಸಿದ್ದರೂ ಬರುವುದಿಲ್ಲ, ಯಾಕೆಂದರೆ ಮಾತಾಡಿದವರು ಒಬ್ಬರೇ.

ಮೂರುಚುಕ್ಕಿ:
“ಮೂರು” ಅನ್ನುವುದು ನಿಯಮ ಅಲ್ಲ ಅಂತ ದಯವಿಟ್ಟು ಜೊತೆಗೇ ಹೇಳಿ. ಇಂಗ್ಲಿಷ್ ವಿಕಿಪೀಡಿಯದ ಸಾಮಾನ್ಯ ಮಾರ್ಗಸೂಚಿಯಲ್ಲಿ ಇಷ್ಟೇ ಅಂತ ಸಂಖ್ಯೆ ಇಲ್ಲ. ಒಂದಕ್ಕಿಂತ ಹೆಚ್ಚು ಇರಲಿ ಅನ್ನುವ ನಿರೀಕ್ಷೆ ಇದೆ. ಎಷ್ಟು ಬೇಕು ಅನ್ನುವುದು ಒಂದೊಂದು ಆಕರ ಎಷ್ಟು ಆಳವಾಗಿದೆ ಅನ್ನುವುದರ ಮೇಲೆ ನಿಂತಿದೆ.

ಕಪಾಟು:
ನಿಯಮ ಅಂತ ನಾನೆಲ್ಲಿ ಹೇಳಿದೆ? ಮೂವತ್ತು ಕೊಂಡಿ ತಂದು ಸುರಿದವರಿಗೆ “ಇದರಲ್ಲಿ ಅತಿ ಗಟ್ಟಿಯಾದ ಮೂರು ಆರಿಸಿ ಕೊಡಿ” ಅಂದರೆ ಅವರೇ ಕೂತು ಓದುತ್ತಾರೆ. ಓದುವಾಗಲೇ ಯಾವುದು ಪೊಳ್ಳು ಅಂತ ಅವರಿಗೆ ಗೊತ್ತಾಗುತ್ತದೆ. ನಾನು ಹೇಳಬೇಕಾದ್ದೇ ಇರುವುದಿಲ್ಲ.

ನಿಧಾನಿ:
ಎಲ್ಲ ಭಾರವನ್ನೂ ಹೊಸಬರ ತಲೆಗೇ ಕಟ್ಟುತ್ತಿದ್ದೀರಿ. ಕರಡು ನೋಡಿ ಒಪ್ಪುವ, ಇಲ್ಲವೇ ವಾಪಸ್ ಕಳಿಸುವ ಪರಿಶೀಲಕರಿಗೆ ಜವಾಬ್ದಾರಿ ಇಲ್ವಾ?

ಕೆನಡಾದ ಭೌತವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ವಿಷಯ ನೆನಪು ಮಾಡಿಕೊಳ್ಳಿ. 2018ರ ಅಕ್ಟೋಬರ್ 2ರಂದು ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾಯಿತು. 1903ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ಮರಿಯಾ ಗೊಪರ್ಟ್ ಮೇಯರ್, ಅವರ ನಂತರ ಈ ಬಹುಮಾನ ಪಡೆದ ಮೂರನೇ ಮಹಿಳೆ ಇವರು. ಆ ಹೊತ್ತಿನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಮೇಲೆ ಲೇಖನವೇ ಇರಲಿಲ್ಲ. ಕರಡು ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ, ಕೊಟ್ಟ ಉಲ್ಲೇಖಗಳಿಂದ ಗಮನಾರ್ಹತೆ ಕಾಣುತ್ತಿಲ್ಲ ಅಂತ ಅದನ್ನು ವಾಪಸ್ ಕಳಿಸಿದ್ದರು. ಬಹುಮಾನ ಬಂದ ದಿನ ಗಡಿಬಿಡಿಯಲ್ಲಿ ಲೇಖನ ಎದ್ದು ನಿಂತಿತು. ಪರಿಶೀಲಕರು ಐದು ನಿಮಿಷ ತಾವೇ ಹುಡುಕಿದ್ದರೆ ಮೇ ತಿಂಗಳಲ್ಲೇ ಲೇಖನ ಇರುತ್ತಿತ್ತು.

ಮೂರುಚುಕ್ಕಿ:
ನಿಧಾನಿ, ಆ ಪರಿಶೀಲಕರು ನೋಡುವುದು ಪುಟದಲ್ಲಿ ಇರುವುದನ್ನು. ಸರತಿಯಲ್ಲಿ ಕಾಯುವ ಕರಡುಗಳ ರಾಶಿ ನೋಡಿದ್ದೀರಾ? ಪ್ರತಿಯೊಂದಕ್ಕೂ ಅವರೇ ಸಂಶೋಧನೆ ಮಾಡುತ್ತಾ ಕೂತರೆ ಸರತಿ ಮುಂದೆ ಸಾಗುವುದೇ ಇಲ್ಲ.

ಹಾಳೆಗರಿ:
ಇಬ್ಬರೂ ಒಂದು ಮುಖ್ಯ ವಿಷಯ ಬಿಟ್ಟಿರಿ. ಪ್ರಾಧ್ಯಾಪಕರಿಗೆ, ವಿಜ್ಞಾನಿಗಳಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೇರೆಯೇ ಮಾನದಂಡ ಇದೆ. ಪತ್ರಿಕೆಗಳಲ್ಲಿ ಬರದಿದ್ದರೂ, ದೊಡ್ಡ ವಿದ್ವತ್ ಸಂಸ್ಥೆಯ ಅತ್ಯುನ್ನತ ಹುದ್ದೆಗೆ ಆಯ್ಕೆಯಾಗಿದ್ದರೆ ಸಾಕು. ಸ್ಟ್ರಿಕ್‌ಲ್ಯಾಂಡ್ 2013ರಲ್ಲಿ ಬೆಳಕಿನ ವಿಜ್ಞಾನದ ವಿದ್ವತ್ ಸಂಸ್ಥೆಯಾದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆ. ಅಂದರೆ ನೊಬೆಲ್‌ಗಾಗಿ ಕಾಯಬೇಕಾಗಿಯೇ ಇರಲಿಲ್ಲ. ಈ ಮಾನದಂಡ ಇದೆ ಅಂತ ಬರೆದವರಿಗೆ ಯಾರಾದರೂ ಹೇಳಬೇಕಿತ್ತು.

ಹೊಸಬರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಯಾರ ಬಗ್ಗೆ ಬರೆಯುತ್ತಿದ್ದೀರಿ, ಅವರು ಏನು ಕೆಲಸ ಮಾಡಿದವರು? ಉತ್ತರ ಬಂದ ಮೇಲೆ ಅದಕ್ಕೆ ಸೇರಿದ ಒಂದು ಮಾನದಂಡ ಮಾತ್ರ ಹೇಳುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಯಾವುದೂ ತಲೆಗೆ ಇಳಿಯುವುದಿಲ್ಲ.

ನಿಧಾನಿ:
ಸರಿ, ಅದನ್ನು ಒಪ್ಪಿದೆ. ಆದರೆ ವಾಪಸ್ ಕಳಿಸುವಾಗ ಒಂದು ಸಾಲು ಸ್ವಂತ ಮಾತಿನಲ್ಲಿ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಬರೀ ಸಿದ್ಧ ಟೆಂಪ್ಲೇಟು ಅಂಟಿಸಿದರೆ ಎದುರಿಗೆ ಮನುಷ್ಯರಿದ್ದಾರೆ ಅಂತಲೇ ಅನ್ನಿಸುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಆಮೇಲೆ ವರ್ಷಗಟ್ಟಲೆ ಇಳಿಯಿತು. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನು ತಟ್ಟನೆ ಅಳಿಸುವುದು, ಟೆಂಪ್ಲೇಟು ಸಂದೇಶ ಎಸೆಯುವುದು ಇದಕ್ಕೆ ಒಂದು ಕಾರಣ ಅಂತ ಸಂಶೋಧಕರೇ ತೋರಿಸಿದ್ದಾರೆ.

ಹೊಸಪುಟ:
ನಮಸ್ಕಾರ. ನಾನು ಹೊಸಬಳು, ಇದನ್ನೆಲ್ಲ ಓದುತ್ತಾ ಕೂತಿದ್ದೆ. ನನ್ನ ಕಥೆಯೂ ಇದೇ.

ತೀರಿಕೊಂಡ ಒಬ್ಬ ಸಸ್ಯವಿಜ್ಞಾನಿಯ ಬಗ್ಗೆ ಕರಡು ಬರೆದೆ. ಅವರ ಸಂಶೋಧನಾ ಪ್ರಬಂಧಗಳನ್ನೆಲ್ಲ ಉಲ್ಲೇಖವಾಗಿ ಕೊಟ್ಟೆ. ವಿಶ್ವವಿದ್ಯಾಲಯದ ಪುಟ ಕೊಟ್ಟೆ. ಅವರ ಜೊತೆ ಯಾರೋ ಮಾಡಿದ ಸಂದರ್ಶನ ಕೊಟ್ಟೆ. ಒಂದು ಗಿಡದ ಪ್ರಭೇದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ, ಅದನ್ನೂ ಬರೆದೆ. ಗಮನಾರ್ಹತೆ ಕಾಣುತ್ತಿಲ್ಲ ಅಂತ ವಾಪಸ್ ಬಂತು. ಒಬ್ಬರ ಹೆಸರು ಒಂದು ಗಿಡಕ್ಕೆ ಶಾಶ್ವತವಾಗಿ ಸೇರಿಕೊಂಡಿರುವಾಗ ಇನ್ನೇನು ಬೇಕು? ತುಂಬಾ ಬೇಜಾರಾಯಿತು. ಬಿಟ್ಟುಬಿಡೋಣ ಅನ್ನಿಸಿದೆ.

ಅಂಚುಪುಟ:
ಬಿಡಬೇಡಿ ಹೊಸಪುಟ. ವಾಪಸ್ ಬಂದ ಸಂದೇಶದಲ್ಲಿ ಮತ್ತೆ ಸಲ್ಲಿಸುವ ಗುಂಡಿ ಇದೆಯಾ ನೋಡಿ. ಇದ್ದರೆ “ಸದ್ಯಕ್ಕೆ ಸಾಲದು” ಅಂತ ಅರ್ಥ, ಬಾಗಿಲು ಮುಚ್ಚಿಲ್ಲ. ಆದರೆ ಒಂದು ಎಚ್ಚರ: ಕರಡನ್ನು ಆರು ತಿಂಗಳು ಮುಟ್ಟದೆ ಬಿಟ್ಟರೆ ಅದನ್ನು ಅಳಿಸಬಹುದು. ಅಳಿಸಿದರೂ ಕೇಳಿಕೊಂಡರೆ ಸಾಮಾನ್ಯವಾಗಿ ಮರಳಿ ಕೊಡುತ್ತಾರೆ.

ಹಾಳೆಗರಿ:
ಹೊಸಪುಟ, ನಿಮ್ಮ ಒಂದೊಂದು ಉಲ್ಲೇಖವನ್ನೂ ನೋಡೋಣ ಬನ್ನಿ.

ಪ್ರಬಂಧಗಳು ಅವರು ಬರೆದದ್ದು, ಅವರ ಬಗ್ಗೆ ಬರೆದದ್ದಲ್ಲ. “ಈ ವರ್ಷ ಈ ಪ್ರಭೇದವನ್ನು ವಿವರಿಸಿದರು” ಅನ್ನುವ ವಾಕ್ಯಕ್ಕೆ ಅವು ಸರಿಯಾದ ಉಲ್ಲೇಖ. ಗಮನಾರ್ಹತೆಗೆ ಲೆಕ್ಕವಿಲ್ಲ. ಆ ಪ್ರಬಂಧಗಳನ್ನು ಬೇರೆ ವಿಜ್ಞಾನಿಗಳು ಬಹಳ ಕಡೆ ಉಲ್ಲೇಖಿಸಿದ್ದರೆ ಅದು ಬೇರೆ ಮಾತು, ಅದನ್ನು ತೋರಿಸಬಹುದು. ವಿಶ್ವವಿದ್ಯಾಲಯದ ಪುಟ ಅವರು ಕೆಲಸ ಮಾಡಿದ ಜಾಗದ್ದು, ಹಾಗಾಗಿ ಸ್ವತಂತ್ರ ಅಲ್ಲ. ಆದರೆ ಯಾವಾಗ ಸೇರಿದರು, ಯಾವಾಗ ನಿವೃತ್ತರಾದರು ಅನ್ನುವುದಕ್ಕೆ ಧಾರಾಳವಾಗಿ ಬಳಸಿ. ಸಂದರ್ಶನದಲ್ಲಿ ಅವರ ಉತ್ತರಗಳು ಅವರದೇ ಮಾತು. ಸಂದರ್ಶಕರು ಶುರುವಿನಲ್ಲಿ ಅವರ ಬದುಕು, ಕೆಲಸದ ಬಗ್ಗೆ ತಾವೇ ವಿವರವಾಗಿ ಬರೆದಿದ್ದರೆ ಆ ಭಾಗಕ್ಕೆ ತೂಕ ಇದೆ. ಗಿಡಕ್ಕೆ ಹೆಸರಿಟ್ಟದ್ದು ಖಂಡಿತ ಲೇಖನದಲ್ಲಿ ಇರಬೇಕು. ಅದನ್ನು ಮೊದಲು ಪ್ರಕಟಿಸಿದ ಪ್ರಬಂಧವನ್ನೇ ಉಲ್ಲೇಖ ಕೊಡಿ. ಅದೊಂದರಿಂದಲೇ ಲೇಖನ ಉಳಿಯುವುದಿಲ್ಲ, ಅಷ್ಟೇ.

ಈಗ ಎರಡು ಪ್ರಶ್ನೆ. ಅವರು ಪುಸ್ತಕ ಬರೆದಿದ್ದಾರಾ? ಬರೆದಿದ್ದರೆ ಅದಕ್ಕೆ ವಿಮರ್ಶೆ ಬಂದಿದೆಯಾ? ತೀರಿಕೊಂಡಾಗ ಯಾವುದಾದರೂ ವಿಜ್ಞಾನ ಪತ್ರಿಕೆ ಅವರ ಬಗ್ಗೆ ಶ್ರದ್ಧಾಂಜಲಿ ಲೇಖನ ಹಾಕಿತ್ತಾ?

ಹೊಸಪುಟ:
ಪುಸ್ತಕ ಇದೆ. ಎರಡು ಸಂಶೋಧನಾ ಪತ್ರಿಕೆಗಳಲ್ಲಿ ವಿಮರ್ಶೆಯೂ ಬಂದಿತ್ತು. ಆದರೆ ಒಂದರಲ್ಲಿ ಅವರ ವರ್ಗೀಕರಣ ಸರಿಯಿಲ್ಲ ಅಂತ ಟೀಕೆ ಮಾಡಿದ್ದಾರೆ. ಅದನ್ನು ಹಾಕಿದರೆ ಅವರ ಹೆಸರಿಗೆ ಕುಂದು ಅಂತ ಎರಡನ್ನೂ ಬಿಟ್ಟೆ. ಶ್ರದ್ಧಾಂಜಲಿ ಲೇಖನ ಇದೆ, ಎರಡು ಪುಟದ್ದು. ಅದು ಅಂತರ್ಜಾಲದಲ್ಲಿ ಇಲ್ಲ, ನನ್ನ ಹತ್ತಿರ ನಕಲು ಪ್ರತಿ ಮಾತ್ರ ಇದೆ. ಹಾಗಾಗಿ ಅದು ಆಗುವುದಿಲ್ಲ ಅಂದುಕೊಂಡೆ.

ಹಾಳೆಗರಿ:
ನೀವು ಬಿಟ್ಟ ಮೂರೇ ನಿಮ್ಮ ಲೇಖನವನ್ನು ಉಳಿಸುವ ಆಕರಗಳು!

ಟೀಕೆ ಬಂದದ್ದು ಕುಂದಲ್ಲ. ಸಂಬಂಧವಿಲ್ಲದ ಇನ್ನೊಬ್ಬ ತಜ್ಞರು ಆ ಪುಸ್ತಕವನ್ನು ಕೂತು ಓದಿ, ಒಪ್ಪದ ಜಾಗವನ್ನು ತೋರಿಸುವಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಒಬ್ಬರು ಮೆಚ್ಚಿದ್ದಾರೆ, ಇನ್ನೊಬ್ಬರು ವರ್ಗೀಕರಣವನ್ನು ಪ್ರಶ್ನಿಸಿದ್ದಾರೆ ಅಂತ ಎರಡನ್ನೂ ಅವರವರ ಹೆಸರು ಹೇಳಿ ಬರೆಯಿರಿ. ಹೊಗಳಿಕೆ ಮಾತ್ರ ಇರುವ ಲೇಖನ ನೋಡಿದರೆ ಪರಿಶೀಲಕರಿಗೆ ಮೊದಲೇ ಅನುಮಾನ ಬರುತ್ತದೆ.

ಓಲೆಕಟ್ಟು:
ಶ್ರದ್ಧಾಂಜಲಿ ಲೇಖನ ಆನ್‌ಲೈನ್‌ನಲ್ಲಿ ಸಿಗದಿದ್ದರೆ ಕಷ್ಟ. ಕೊಂಡಿ ಇಲ್ಲದ ಉಲ್ಲೇಖ ನಡೆಯುವುದಿಲ್ಲ ಅಂತ ನನಗೆ ಒಬ್ಬರು ಹೇಳಿದ್ದರು.

ಮೂರುಚುಕ್ಕಿ:
ಓಲೆಕಟ್ಟು, ನಿಮಗೆ ಹೇಳಿದವರು ತಪ್ಪು ಹೇಳಿದ್ದಾರೆ. ಪ್ರಕಟವಾಗಿರಬೇಕು, ಮನಸ್ಸು ಮಾಡಿದವರು ಗ್ರಂಥಾಲಯದಲ್ಲೋ ಇನ್ನೆಲ್ಲೋ ಹುಡುಕಿ ನೋಡುವಂತಿರಬೇಕು. ಅಷ್ಟೇ ಷರತ್ತು. ಪತ್ರಿಕೆ ಹೆಸರು, ಸಂಪುಟ, ಸಂಚಿಕೆ, ವರ್ಷ, ಪುಟ ಸಂಖ್ಯೆ ಸರಿಯಾಗಿ ಕೊಟ್ಟರೆ ಕೊಂಡಿ ಬೇಕಾಗಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲೂ ಆಕರ ಇಂಗ್ಲಿಷ್‌ನಲ್ಲೇ ಇರಬೇಕು ಅಂತಿಲ್ಲ, ಯಾವ ಭಾಷೆಯದ್ದಾದರೂ ಆಗುತ್ತದೆ.

ಓಲೆಕಟ್ಟು:
ಓ, ಒಳ್ಳೆಯದಾಯಿತು. ಇಷ್ಟು ದಿನ ಪುಸ್ತಕಗಳನ್ನೆಲ್ಲ ಸುಮ್ನೆ ಪಕ್ಕಕ್ಕಿಟ್ಟಿದ್ದೆ.

ನಿಧಾನಿ:
ನೋಡಿದಿರಾ? ಹಾಳೆಗರಿ ಕೇಳಿದ್ದು ಎರಡೇ ಪ್ರಶ್ನೆ. ಕರಡನ್ನು ವಾಪಸ್ ಕಳಿಸುವಾಗಲೇ ಅದನ್ನು ಕೇಳಿದ್ದರೆ ಹೊಸಪುಟ ಬಿಟ್ಟುಹೋಗುವ ಯೋಚನೆಯನ್ನೇ ಮಾಡುತ್ತಿರಲಿಲ್ಲ. ನಾನು ಹೇಳುತ್ತಿರುವುದು ಇದನ್ನೇ.

ಮೂರುಚುಕ್ಕಿ:
ಒಪ್ಪಿದೆ. ವಿಜ್ಞಾನಿ ಅಂದರೆ ಈ ಪ್ರಶ್ನೆ, ಲೇಖಕ ಅಂದರೆ ಆ ಪ್ರಶ್ನೆ ಅಂತ ನಾನೂ ಒಂದೊಂದು ಸಾಲು ಬರೆದಿಟ್ಟುಕೊಳ್ಳುತ್ತೇನೆ. ಸರತಿ ಎಷ್ಟು ಉದ್ದ ಇದ್ದರೂ ಇಷ್ಟು ಮಾಡಬಹುದು.

ಸಾಲುನೋಟ:
ಗಮನಾರ್ಹತೆ ಬಗ್ಗೆ ಇಷ್ಟೆಲ್ಲ ಮಾತಾಯಿತು, ಉಲ್ಲೇಖವನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಯಾರೂ ಎತ್ತಲಿಲ್ಲ. ಹೊಸಬರು ಜಾಸ್ತಿ ಎಡವುವುದು ಅಲ್ಲೇ.

ಒಂದು ಕರಡಿನಲ್ಲಿ ಹೀಗೊಂದು ವಾಕ್ಯ ಇತ್ತು: “ಪಿಎಚ್‌ಡಿ ಮುಗಿಸಿ, ವಿಭಾಗದ ಮುಖ್ಯಸ್ಥರಾಗಿ, ಮೂರು ಹೊಸ ಪ್ರಭೇದಗಳನ್ನು ಗುರುತಿಸಿದರು.” ಕೊನೆಗೆ ಒಂದೇ ಉಲ್ಲೇಖ. ತೆರೆದು ನೋಡಿದರೆ ಅದರಲ್ಲಿ ಪಿಎಚ್‌ಡಿ ವಿಷಯ ಮಾತ್ರ ಇದೆ. ಉಳಿದ ಎರಡು ಎಲ್ಲಿಂದ ಬಂತು? ಬರೆದವರಿಗೆ ಗೊತ್ತಿತ್ತು, ಬರೆದರು. ಓದುವವರು ಮೂರಕ್ಕೂ ಆ ಉಲ್ಲೇಖವೇ ಆಧಾರ ಅಂದುಕೊಳ್ಳುತ್ತಾರೆ. ಮುಂದೆ ಯಾರೋ ತಪ್ಪು ಅಂತ ಕಂಡುಹಿಡಿದಾಗ ಇಡೀ ಲೇಖನದ ಮೇಲೇ ನಂಬಿಕೆ ಹೋಗುತ್ತದೆ.

ನಾನು ಹೊಸಬರ ಜೊತೆ ಕೂತಾಗ ಒಂದು ಪ್ಯಾರಾ ತೆಗೆದುಕೊಂಡು ಪ್ರತಿ ಸಂಗತಿಯ ಮೇಲೂ ಬೆರಳಿಟ್ಟು “ಇದು ಯಾವ ಪುಟದಲ್ಲಿದೆ, ತೋರಿಸಿ” ಅನ್ನುತ್ತೇನೆ. ತೋರಿಸಿದರೆ ಅಲ್ಲೇ ಉಲ್ಲೇಖ ಹಾಕುವುದು, ತೋರಿಸಲು ಆಗದಿದ್ದರೆ ವಾಕ್ಯ ತೆಗೆಯುವುದು. ಒಂದು ಪ್ಯಾರಾ ಹೀಗೆ ಮಾಡಿದವರು ಎರಡನೆಯದನ್ನು ಹೇಳದೆಯೇ ಸರಿಯಾಗಿ ಬರೆಯುತ್ತಾರೆ. ಬದುಕಿರುವ ವ್ಯಕ್ತಿಗಳ ವಿಷಯದಲ್ಲಂತೂ ಇದನ್ನು ಸಡಿಲ ಬಿಡಲೇಬಾರದು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಲೇಖನದಲ್ಲಿ, ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆ ಇತ್ತು ಅನ್ನುವ ಅಪ್ಪಟ ಸುಳ್ಳನ್ನು ಯಾರೋ ಸೇರಿಸಿದ್ದರು. ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಖಾತೆ ಇಲ್ಲದವರು ಇಂಗ್ಲಿಷ್‌ನಲ್ಲಿ ಹೊಸ ಲೇಖನ ಶುರು ಮಾಡುವುದನ್ನೇ ನಿಲ್ಲಿಸಿದರು.

ಕಪಾಟು:
ಉಲ್ಲೇಖ ಹಾಕುವ ಕೆಲಸ ಈಗ ಸುಲಭ. ದೃಶ್ಯ ಸಂಪಾದಕದಲ್ಲಿ (ಕೋಡ್ ಇಲ್ಲದೆ ನೇರವಾಗಿ ಬರೆಯುವ ಪರದೆ) ಉಲ್ಲೇಖದ ಗುಂಡಿ ಒತ್ತಿ ಕೊಂಡಿಯನ್ನೋ, ಪ್ರಬಂಧದ ಗುರುತು ಸಂಖ್ಯೆಯಾದ ಡಿಒಐಯನ್ನೋ, ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಅನ್ನೋ ಹಾಕಿದರೆ ಉಳಿದದ್ದನ್ನು ಅದೇ ತುಂಬುತ್ತದೆ.

ಸಾಲುನೋಟ:
ತುಂಬುತ್ತದೆ, ಆದರೆ ಕಣ್ಣುಮುಚ್ಚಿ ಒಪ್ಪಬೇಡಿ ಅಂತಲೂ ಹೇಳಿಕೊಡಿ. ಲೇಖಕರ ಹೆಸರಿನ ಜಾಗದಲ್ಲಿ ವೆಬ್‌ಸೈಟ್ ಹೆಸರು ಕೂತಿರುತ್ತದೆ. ಹೆಸರಿನ ಮೊದಲ ಭಾಗ, ಕೊನೆಯ ಭಾಗ ತಿರುವುಮುರುವಾಗಿರುತ್ತವೆ. ಪುಸ್ತಕದ ಪುಟ ಸಂಖ್ಯೆಯನ್ನಂತೂ ನಾವೇ ಹಾಕಬೇಕು. ನಾನೂರು ಪುಟದ ಪುಸ್ತಕ ತೋರಿಸಿ “ಇದರಲ್ಲಿದೆ” ಅಂದರೆ ಯಾರು ಹುಡುಕುತ್ತಾರೆ?

ಹತ್ತನೇಪುಟ:
ಇನ್ನೊಂದು ತಲೆನೋವು ಬಂದಿದೆಯಲ್ಲ, ಚಾಟ್‌ಬಾಟ್ ಬರೆದುಕೊಟ್ಟ ಕರಡುಗಳು. ಉಲ್ಲೇಖಗಳು ನೋಡಲು ಅಚ್ಚುಕಟ್ಟು. ತೆರೆದರೆ ಅಂಥ ಪುಸ್ತಕವೇ ಇಲ್ಲ, ಅಂಥ ಪ್ರಬಂಧವೇ ಇಲ್ಲ. ಇಂಥ ಪುಟಗಳನ್ನು ಚರ್ಚೆಯಿಲ್ಲದೆ ಬೇಗ ಅಳಿಸಲು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ಹೊಸ ನಿಯಮವನ್ನೇ ತಂದಿದೆ.

ಪತ್ತೆ ಹಚ್ಚಲು ಒಂದು ಸುಲಭ ದಾರಿ ಇದೆ. 13 ಅಂಕಿಯ ಐಎಸ್‌ಬಿಎನ್‌ನಲ್ಲಿ ಅಂಕಿಗಳನ್ನು ಎಡದಿಂದ ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿ. ಮೊತ್ತ 10ರಿಂದ ಭಾಗವಾಗಬೇಕು. ಆಗದಿದ್ದರೆ ಸಂಖ್ಯೆ ತಪ್ಪು. ಕಟ್ಟುಕಥೆಯ ಸಂಖ್ಯೆಗಳಲ್ಲಿ ಬಹಳಷ್ಟು ಇಲ್ಲೇ ಸಿಕ್ಕಿಬೀಳುತ್ತವೆ.

ಮೂರುಚುಕ್ಕಿ:
ಲೆಕ್ಕ ಸರಿ ಬಂದ ಮಾತ್ರಕ್ಕೆ ಪುಸ್ತಕ ಇದೆ ಅಂತ ಅಲ್ಲ. ಗ್ರಂಥಾಲಯದ ಪಟ್ಟಿಯಲ್ಲೂ ನೋಡಬೇಕು. ಅಚ್ಚಿನ ತಪ್ಪಿನಿಂದಲೂ ಸಂಖ್ಯೆ ಕೆಡುತ್ತದೆ, ಹಾಗಾಗಿ ತಕ್ಷಣ ಆರೋಪ ಮಾಡಬೇಡಿ, ಕೇಳಿ.

ಓಲೆಕಟ್ಟು:
ವಿಕಿಪೀಡಿಯವನ್ನೇ ನೋಡಿ ಪತ್ರಿಕೆಯವರು ಬರೆದರೆ, ಆ ಪತ್ರಿಕೆಯನ್ನು ನಾವು ಉಲ್ಲೇಖ ಕೊಟ್ಟರೆ? ಅದು ಹೇಗೆ ಗೊತ್ತಾಗುತ್ತದೆ?

ಹತ್ತನೇಪುಟ:
ಬಹಳ ಒಳ್ಳೆಯ ಪ್ರಶ್ನೆ. 2008ರಲ್ಲಿ ಕೋಆಟಿ (coati) ಅನ್ನುವ ಅಮೆರಿಕ ಖಂಡದ ಪ್ರಾಣಿಯ ಲೇಖನದಲ್ಲಿ, ಅದನ್ನು “ಬ್ರೆಜಿಲಿನ ಆರ್ಡ್‌ವಾರ್ಕ್” ಅಂತಲೂ ಕರೆಯುತ್ತಾರೆ ಅಂತ ಒಬ್ಬ ವಿದ್ಯಾರ್ಥಿ ತಮಾಷೆಗೆ ಸೇರಿಸಿದ. ಆರ್ಡ್‌ವಾರ್ಕ್ ಆಫ್ರಿಕಾದ ಬೇರೆಯೇ ಪ್ರಾಣಿ, ಕೋಆಟಿಗೆ ಅಂಥ ಹೆಸರೇ ಇರಲಿಲ್ಲ. ಆಮೇಲೆ ಪತ್ರಿಕೆಗಳು ಆ ಹೆಸರು ಬಳಸಿದವು. ಅದರಲ್ಲೊಂದನ್ನು ತಂದು ಲೇಖನಕ್ಕೇ ಉಲ್ಲೇಖವಾಗಿ ಹಾಕಿದರು. ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಪತ್ತೆ ಮಾಡಲು ಲೇಖನದ ಇತಿಹಾಸ ತೆರೆಯಿರಿ. ಆ ಸಂಗತಿ ವಿಕಿಪೀಡಿಯಕ್ಕೆ ಬಂದ ದಿನಾಂಕ ನೋಡಿ, ಆಕರ ಪ್ರಕಟವಾದ ದಿನಾಂಕ ನೋಡಿ. ಆಕರ ಆಮೇಲಿನದ್ದಾಗಿದ್ದು, ಅದಕ್ಕಿಂತ ಹಳೆಯದು ಒಂದೂ ಸಿಗದಿದ್ದರೆ ಎಚ್ಚರ ವಹಿಸಿ.

ಕಪಾಟು:
ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ಹೊಸಬರು ಮೊದಲ ದಿನವೇ ಹೊಸ ಲೇಖನಕ್ಕೆ ಕೈ ಹಾಕಬಾರದು ಅಂತ ನನ್ನ ಅಭಿಪ್ರಾಯ. ಉಲ್ಲೇಖ ಬೇಕಿದೆ ಅಂತ ಗುರುತು ಹಾಕಿದ ವಾಕ್ಯಗಳು ರಾಶಿ ರಾಶಿ ಇವೆ. ಒಂದೆರಡಕ್ಕೆ ಆಕರ ಹುಡುಕಲಿ, ಕೈ ಪಳಗುತ್ತದೆ. ಇಂಗ್ಲಿಷ್‌ನಲ್ಲಿ ಹೇಗೂ ಖಾತೆ ತೆರೆದು ನಾಲ್ಕು ದಿನ, ಹತ್ತು ಸಂಪಾದನೆ ಆಗುವವರೆಗೆ ನೇರವಾಗಿ ಲೇಖನ ಶುರು ಮಾಡಲು ಬಿಡುವುದಿಲ್ಲ.

ನಿಧಾನಿ:
ಹೊಸಪುಟ ಬಂದದ್ದು ಆ ಸಸ್ಯವಿಜ್ಞಾನಿಗೋಸ್ಕರ. ಅವರಿಗೆ ಯಾವುದೋ ಊರು ಕೇರಿ ಗೊತ್ತಿಲ್ಲದ ಲೇಖನದ ವಾಕ್ಯ ಸರಿಮಾಡಿ ಅಂದರೆ ಎದ್ದು ಹೋಗುತ್ತಾರೆ. ಪ್ರೀತಿ ಇರುವ ವಿಷಯದಲ್ಲೇ ಕಲಿಸಬೇಕು.

ಹಾಳೆಗರಿ:
ಎರಡನ್ನೂ ಸೇರಿಸಬಹುದಲ್ಲ. ಅವರು ಗುರುತಿಸಿದ ಗಿಡಗಳ ಲೇಖನ ಈಗಾಗಲೇ ಇದ್ದರೆ, ಹೊಸಪುಟ ಮೊದಲು ಅಲ್ಲಿ ಒಂದು ಉಲ್ಲೇಖ ಸೇರಿಸಲಿ. ವಿಷಯವೂ ಅವರದ್ದೇ, ಅಭ್ಯಾಸವೂ ಆಯಿತು. ಮುಂದೆ ಲೇಖನ ಬಂದಾಗ ಕೊಂಡಿ ಕೊಡಲು ಜಾಗವೂ ಸಿದ್ಧ.

ಓಲೆಕಟ್ಟು:
ಒಂದು ಭಾಷೆಯಲ್ಲಿ ಲೇಖನ ಇದ್ದರೆ ಇನ್ನೊಂದರಲ್ಲಿ ತಾನಾಗೇ ಒಪ್ಪುತ್ತಾರಾ?

ಮೂರುಚುಕ್ಕಿ:
ಇಲ್ಲ. ವಿಕಿಪೀಡಿಯ 300ಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಪ್ರತಿ ಭಾಷೆಯವರೂ ತಮ್ಮ ನಿಯಮ ತಾವೇ ಮಾಡಿಕೊಳ್ಳುತ್ತಾರೆ. ಅನುವಾದ ಮಾಡುವವರು ಉಲ್ಲೇಖಗಳನ್ನು ತೆರೆದು ಓದಿಯೇ ತರಬೇಕು. ಅಲ್ಲಿ ತಪ್ಪಿದ್ದರೆ ಇಲ್ಲಿಗೂ ತಪ್ಪೇ ಬರುತ್ತದೆ.

ಅಂಚುಪುಟ:
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನು ಮುಂದೆ ನಿಯಮದ ಕೊಂಡಿಯನ್ನು ಕೊನೆಗೆ ಕೊಡುತ್ತೇನೆ. ಮೊದಲು ಅವರು ಏನು ಮಾಡಿದವರು ಅಂತ ಕೇಳುವುದು, ಆಮೇಲೆ ಅವರ ಕರಡಿನ ಒಂದೇ ಪ್ಯಾರಾ ಜೊತೆಗೆ ಕೂತು ನೋಡುವುದು. ಬರೆಯುವ ವಿಷಯದ ಜೊತೆ ಸಂಬಂಧ ಇದೆಯಾ, ಯಾರಾದರೂ ದುಡ್ಡು ಕೊಡುತ್ತಿದ್ದಾರಾ ಅಂತಲೂ ಮೊದಲೇ ಮೆತ್ತಗೆ ಕೇಳಬೇಕು. ದುಡ್ಡು ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು ಅಂತ 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಹೊಸಪುಟ:
ಕರಡು ಮತ್ತೆ ತೆರೆದಿದ್ದೇನೆ. ಎರಡು ವಿಮರ್ಶೆ ಸೇರಿಸಿದೆ, ಟೀಕೆಯನ್ನೂ ಬರೆದೆ. ಈಗ ಶ್ರದ್ಧಾಂಜಲಿ ಲೇಖನದ ಉಲ್ಲೇಖ ತುಂಬುತ್ತಿದ್ದೇನೆ, ಅದನ್ನು ಬರೆದವರ ಹೆಸರು ಎಲ್ಲೂ ಇಲ್ಲ. ಏನು ಹಾಕಲಿ?

ಸಾಲುನೋಟ:
ಲೇಖಕರ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಶೀರ್ಷಿಕೆ, ಪತ್ರಿಕೆ ಹೆಸರು, ಸಂಪುಟ, ಸಂಚಿಕೆ, ವರ್ಷ, ಪುಟ ಇಷ್ಟು ಇದ್ದರೆ ಸಾಕು. ನಕಲು ಪ್ರತಿಯಲ್ಲಿ ಪುಟ ಸಂಖ್ಯೆ ಕತ್ತರಿಸಿ ಹೋಗಿದ್ದರೆ ಆ ಸಂಚಿಕೆಯ ಪರಿವಿಡಿಯಲ್ಲಿ ಸಿಗುತ್ತದೆ.

ಹೊಸಪುಟ:
ಪುಟ ಸಂಖ್ಯೆ ಇದೆ. ಹಾಕಿದೆ. ಸಲ್ಲಿಸುತ್ತಿದ್ದೇನೆ.